ಆಟೋಕ್ಯಾಡ್‌ನಲ್ಲಿ ಸೆಂಟರ್ ಮಾರ್ಕ್ ಕೈಕೊಟ್ಟಾಗ

ಆಟೋಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತಂತ್ರಾಂಶ) ನಕ್ಷೆಯಲ್ಲಿ ವೃತ್ತ ಸರಿಸಿದರೂ ಸೆಂಟರ್ ಮಾರ್ಕ್ (ವೃತ್ತದ ಕೇಂದ್ರ ತೋರಿಸುವ ಗುರುತು) ಹಳೇ ಜಾಗದಲ್ಲೇ ನಿಂತಿದೆಯೇ? ಮೊದಲು ಆ ಗುರುತಿನ ಮೇಲೆ ಕ್ಲಿಕ್ ಮಾಡಿ. ಒಂದೇ ಗೆರೆ ಆಯ್ಕೆಯಾದರೆ ಅದು ಡಿಮ್‌ಸೆಂಟರ್ ಕಮಾಂಡಿನಿಂದ ಹಾಕಿದ್ದು ಅಥವಾ ಯಾರೋ ಎಕ್ಸ್‌ಪ್ಲೋಡ್ ಮಾಡಿದ್ದು (ಬಿಡಿ ಗೆರೆಗಳಾಗಿ ಒಡೆದದ್ದು). ಅಂಥ ಬಿಡಿ ಗೆರೆಗಳಿಗೆ ವೃತ್ತದ ನಂಟಿರುವುದಿಲ್ಲ; ಅಳಿಸಿ, ಸೆಂಟರ್‌ಮಾರ್ಕ್ ಕಮಾಂಡಿನಿಂದ ಹೊಸದಾಗಿ ಹಾಕಿ (2017ರ ಆವೃತ್ತಿಯಿಂದ ಇದೆ). ಗುರುತು ಇಡಿಯಾಗಿ ಆಯ್ಕೆಯಾದರೆ ನಂಟು ಮಾತ್ರ ಕಡಿದಿದೆ. ಸೆಂಟರ್‌ರಿಅಸೋಸಿಯೇಟ್ ಕೊಟ್ಟು ಗುರುತನ್ನೂ, ಆಮೇಲೆ ವೃತ್ತವನ್ನೂ ಆರಿಸಿದರೆ ಸಾಕು.

ಗೆರೆಗಳು ವೃತ್ತದಾಚೆ ಚಾಚುತ್ತಲೇ ಇಲ್ಲವೆಂದರೆ ಟೆಂಪ್ಲೇಟ್ (ಹೊಸ ಫೈಲಿಗೆ ಆಧಾರವಾಗುವ ಮಾದರಿ ಫೈಲು) ನೋಡಿ. ನಮ್ಮಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ಇಂಚಿನ ಟೆಂಪ್ಲೇಟಿನಲ್ಲಿ ಸೆಂಟರ್‌ಎಕ್ಸ್‌ಇ (CENTEREXE, ಗೆರೆ ವೃತ್ತದಾಚೆ ಎಷ್ಟು ಚಾಚಬೇಕೆಂಬ ಸೆಟ್ಟಿಂಗ್) ಮೌಲ್ಯ 0.12. ಅದೇ ಫೈಲಿನಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಬರೆದರೆ ಚಾಚುವುದು 0.12 ಮಿ.ಮೀ. ಮಾತ್ರ, ಕಣ್ಣಿಗೇ ಬೀಳದು. ಮೌಲ್ಯವನ್ನು 3.5 ಮಾಡಿ. ಇದು ಹೊಸ ಗುರುತುಗಳಿಗಷ್ಟೇ ಅನ್ವಯ. ಹಳೆಯವಕ್ಕೆ ಸೆಂಟರ್‌ರಿಸೆಟ್ ಓಡಿಸಬೇಕು. ಗೆರೆಯ ಕಡಿತಗಳು ಒತ್ತಾಗಿ, ಪೂರ್ತಿ ಗೆರೆಯಂತೆ ಕಂಡರೂ ಕಾರಣ ಬಹುಪಾಲು ಇದೇ: ಸೆಂಟರ್2 ಲೈನ್‌ಟೈಪಿನ (ಗೆರೆಯ ಮಾದರಿ) ಗೆರೆ-ಕಡಿತಗಳ ಒಂದು ಸುತ್ತು ಇಂಚಿನ ಫೈಲಿನಲ್ಲಿ 1.125, ಮೆಟ್ರಿಕ್ ಫೈಲಿನಲ್ಲಿ 28.575. ಪ್ರಾಪರ್ಟೀಸ್‌ನಲ್ಲಿ ಲೈನ್‌ಟೈಪ್ ಸ್ಕೇಲ್ 25.4 ಕೊಟ್ಟು ನೋಡಿ.

ನಡುವಿನ ಅಡ್ಡಗುರುತು ಚುಕ್ಕೆಯಷ್ಟಾಗಿದ್ದರೆ ಸೆಂಟರ್‌ಕ್ರಾಸ್‌ಸೈಜ್ ಪರೀಕ್ಷಿಸಿ. 0.1ರ ನಂತರ ಎಕ್ಸ್ ಅಕ್ಷರವಿದ್ದರೆ (0.1x) ಅಡ್ಡಗುರುತಿನ ಅಳತೆ ವ್ಯಾಸದ ಹತ್ತನೇ ಒಂದು ಭಾಗ. ಅದು ಬಿಟ್ಟುಹೋದರೆ ಎಷ್ಟೇ ದೊಡ್ಡ ರಂಧ್ರಕ್ಕೂ 0.1 ಮಿ.ಮೀ. ಅಡ್ಡಗುರುತೇ!

ಗುರುತು ಬೀಳುವ ಲೇಯರ್ (ನಕ್ಷೆಯ ಪದರ) ತಪ್ಪುತ್ತಿದ್ದರೆ ಸೆಂಟರ್‌ಲೇಯರ್‌ಗೆ ನಿಮ್ಮ ಲೇಯರ್ ಹೆಸರು ಕೊಡಿ.