ರಿಮೋಟ್ ಆನ್ ಮಾಡುವ ಮುಂಚೆ ಹಿಂದಿನ ಸ್ಟಿಕ್ಕರ್ ಓದಿ

ಅಮೆರಿಕದಿಂದ ಶಿರಸಿಗೆ ಬಂದ ಭಾವ ನಾನು ಹಾರಿಸುವ ಮಾದರಿ ವಿಮಾನದ ರಿಮೋಟಿಗೆ ಅಂತ ಒಂದು ರೇಡಿಯೊ ಮಾಡ್ಯೂಲ್, ಅಂದರೆ ಸಿಗ್ನಲ್ ಕಳಿಸುವ ಡಬ್ಬಿ, ತಂದುಕೊಟ್ಟ. ಹಿಂದಿನ ಸ್ಟಿಕ್ಕರ್ ಮೇಲೆ 915 ಮೆಗಾಹರ್ಟ್ಸ್ ಅಂತಿತ್ತು. ಅವರಲ್ಲಿ 902ರಿಂದ 928ರವರೆಗೆ ಲೈಸೆನ್ಸ್ ಬೇಡ. ನಮ್ಮಲ್ಲಿ 890ರಿಂದ 915ರವರೆಗೆ ಮೊಬೈಲುಗಳು ಟವರಿಗೆ ಮಾತಾಡುವ ಜಾಗ. ಕಂಪನಿಯವರು ದುಡ್ಡು ಕೊಟ್ಟು ತಗೊಂಡ ಗದ್ದೆಗೆ ನಾವು ದನ ಬಿಟ್ಟ ಹಾಗೆ ಆಗ್ತದೆ.

ಮೆನುವಿನಲ್ಲಿ ಭಾರತದ 866 ಅಂತ ಒಂದು ಆಯ್ಕೆ ಇತ್ತು. ಸರಿ, ಬದಲಾಯಿಸಿದರೆ ಆಯ್ತಲ್ವಾ? ಆಗಲಿಲ್ಲ. 865ರಿಂದ 868 ನಮ್ಮಲ್ಲಿ ಮುಕ್ತವೇ, 1 ವ್ಯಾಟ್‌ವರೆಗೆ. ಆದರೆ ಸಿಗ್ನಲಿನ ಅಗಲ 200 ಕಿಲೋಹರ್ಟ್ಸ್ ದಾಟಬಾರದು. ಈ ಮಾಡ್ಯೂಲಿನದ್ದು 500. ಮತ್ತೆ ಡಬ್ಬಿಗೆ ಹಾಕಿಟ್ಟೆ.

ಹೊಸಬರು ಸುಮ್ನೆ 2.4 ಗಿಗಾಹರ್ಟ್ಸ್ ಸೆಟ್ ತಗೊಳ್ಳಿ. 2400ರಿಂದ 2483.5 ಮೆಗಾಹರ್ಟ್ಸ್‌ವರೆಗೆ ಲೈಸೆನ್ಸ್ ಬೇಡ. ಆಂಟೆನಾದಿಂದ ಹೊರಬೀಳುವ ಬಲ 4 ವ್ಯಾಟ್ ಮೀರಬಾರದು. ನನ್ನ ರಿಮೋಟಿನದ್ದು ಬರೀ 100 ಮಿಲಿವ್ಯಾಟ್. ಕೊಳ್ಳುವಾಗ ಇಟಿಎ, ಅಂದರೆ ರೇಡಿಯೊ ಸಾಧನಕ್ಕೆ ಸರ್ಕಾರ ಕೊಡುವ ಒಪ್ಪಿಗೆಯ ಸರ್ಟಿಫಿಕೇಟ್ ಇದೆಯಾ ಅಂತ ಅಂಗಡಿಯವರನ್ನ ಕೇಳಿ.

ಮಾರಿಕಾಂಬಾ ಜಾತ್ರೆಯಲ್ಲಿ ಮಕ್ಕಳಿಗೆ ಎರಡು ಕಾರು ಕೊಡಿಸಿದ್ದೆ. ಒಂದು ರಿಮೋಟ್ ಒತ್ತಿದರೆ ಅಂಗಳದಲ್ಲಿ ಎರಡೂ ಓಡುತ್ತಿದ್ದವು, ಜಗಳವೋ ಜಗಳ! ಎರಡೂ 27 ಮೆಗಾಹರ್ಟ್ಸಿನವು. 26.957ರಿಂದ 27.283 ಕೂಡ ಮುಕ್ತವೇ, 5 ವ್ಯಾಟ್‌ವರೆಗೆ. ಆದರೆ ಆ ಆಟಿಕೆಗಳಿಗೆ ತನ್ನ ರಿಮೋಟ್ ಯಾವುದು ಅಂತ ಗೊತ್ತಾಗುವುದಿಲ್ಲ. 2.4ರಲ್ಲಿ ಬೈಂಡ್ ಮಾಡಿದ, ಅಂದರೆ ಒಂದು ರಿಮೋಟಿಗೆ ಜೋಡಿ ಮಾಡಿದ ರಿಸೀವರ್ ತನ್ನ ರಿಮೋಟಿನ ಮಾತು ಮಾತ್ರ ಕೇಳುತ್ತದೆ.

2.4ಕ್ಕೆ ಒದ್ದೆ ಎಲೆ ಕಂಡರೆ ಆಗುವುದಿಲ್ಲ. ಮಳೆ ನಿಂತ ತಕ್ಷಣ ಅಡಿಕೆ ತೋಟದ ಆಚೆ ವಿಮಾನ ಇಳಿಸಲು ಹೋಗಿ ನಾನು ಕಳಕೊಂಡಿದ್ದೇನೆ. ರೆಕ್ಕೆ ಮಾತ್ರ ಸಿಕ್ಕಿತು, ಅದೂ ಕೊನೆಗೊಯ್ಲಿನ ಹೊತ್ತಿಗೆ. ಕೊಯ್ಲಾದ ಗದ್ದೆಯಲ್ಲಿ, ಕಣ್ಣಿಗೆ ಕಾಣುವಷ್ಟು ದೂರ ಹಾರಿಸಿ. ಆಂಟೆನಾದ ತುದಿಯನ್ನು ವಿಮಾನದ ಕಡೆ ಚಾಚಬೇಡಿ. ಬಲ ಹೋಗುವುದು ಪಕ್ಕದಿಂದ, ತುದಿಯಿಂದಲ್ಲ.

ಕಾರವಾರದ ಕಡೆಯವರು ಇನ್ನೊಂದು ನೋಡಬೇಕು. ಅರಗಾದಲ್ಲಿ ನೌಕಾನೆಲೆ ಇದೆ. ಫ್ರೀಕ್ವೆನ್ಸಿ ಸರಿ ಇದ್ದ ಮಾತ್ರಕ್ಕೆ ಹಾರಿಸಬಹುದು ಅಂತಲ್ಲ. ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕೆಂಪು ಬಣ್ಣ ಇದ್ದರೆ ವಿಮಾನ ಕಾರಿನಿಂದ ಇಳಿಸಲೇಬೇಡಿ.

ಹಾರಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಪ್ರೊಪೆಲ್ಲರ್ ಬಿಚ್ಚಿ. ಮೊದಲು ರಿಮೋಟ್, ಆಮೇಲೆ ವಿಮಾನ ಆನ್ ಮಾಡಿ. ಮೋಟಾರು ಅರ್ಧ ವೇಗದಲ್ಲಿ ತಿರುಗುತ್ತಿರುವಾಗಲೇ ರಿಮೋಟ್ ಆಫ್ ಮಾಡಿ. ಮೋಟಾರು ನಿಲ್ಲದಿದ್ದರೆ ಫೇಲ್‌ಸೇಫ್, ಅಂದರೆ ಸಿಗ್ನಲ್ ಕಡಿದಾಗ ಮೋಟಾರು ನಿಲ್ಲಿಸುವ ಸೆಟ್ಟಿಂಗ್, ಸರಿ ಮಾಡಿ, ಅವತ್ತು ಹಾರಿಸದೆ ಮನೆಗೆ ಹೋಗಿ.

ಮುಂದಿನ ಸಲ ಏನು ತರಲಿ ಅಂತ ಭಾವ ಫೋನ್ ಮಾಡಿದ್ದ. ಚಾರ್ಜರ್ ತಾ ಅಂದೆ.