ಮಾಸ್ಕ್ ಹಾಕುವ ಮುಖಕ್ಕೆ ಯಾವ ರೇಜರ್: ನನ್ನ ಅನುಭವ

ಬಳ್ಳಾರಿ ಹತ್ತಿರದ ಒಂದು ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ನಾನು ಫಿಟ್ಟರ್. ಕಿಲ್ನ್, ಅಂದರೆ ಅದಿರು ಕಾಯಿಸುವ ದೊಡ್ಡ ಕುಲುಮೆಯ ಕಡೆ ಕೆಲಸ ಬಿದ್ದಾಗ ಮೂಗು-ಬಾಯಿ ಮುಚ್ಚುವ ರಬ್ಬರ್ ಮಾಸ್ಕ್ ಕಡ್ಡಾಯ. ಅದರ ಅಂಚು ಕೆನ್ನೆ, ದವಡೆ, ಗದ್ದಕ್ಕೆ ಬಿಗಿಯಾಗಿ ಕೂರಬೇಕು. ಅಂಚಿನ ಕೆಳಗೆ ಕುರುಚಲು ಗಡ್ಡ ಇದ್ದರೆ ಸಂದಿಯಿಂದ ಧೂಳು ಒಳಗೆ ಬರುತ್ತದೆ. ಹೀಗಾಗಿ ಡ್ಯೂಟಿ ಇರುವ ದಿನ ದಾಡಿ ಮಾಡಿಕೊಳ್ಳದೆ ಹೊರಡುವಂತಿಲ್ಲ.

ತೊಂದರೆ ಶುರುವಾಗುವುದು ಅಲ್ಲೇ. ದಿನಾ ಹೆರೆದ ಚರ್ಮದ ಮೇಲೆ ಬೆವರು, ಅದರ ಮೇಲೆ ರಬ್ಬರ್, ಹೊರಗೆ ನಲವತ್ತು ಡಿಗ್ರಿ ಬಿಸಿಲು. ಮೂರ್ನಾಲ್ಕು ಬ್ಲೇಡು ಒಟ್ಟಿಗೆ ಕೂರಿಸಿದ ತಲೆಯ ಕಾರ್ಟ್ರಿಜ್ ರೇಜರ್ ಬಳಸುತ್ತಿದ್ದಾಗ ನನ್ನ ದವಡೆಯ ಕೆಳಗೆ ಕೆಂಪು ಗುಳ್ಳೆಗಳು ತಪ್ಪುತ್ತಿರಲಿಲ್ಲ. ಅಂಥ ಕಾರ್ಟ್ರಿಜ್ ಕೂದಲನ್ನು ಎಳೆದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತದೆ. ನನ್ನಂಥ ಸುರುಳಿ ಕೂದಲಿನವರಿಗೆ ತುದಿ ಒಳಗೇ ಬಾಗಿ ಬೆಳೆಯುತ್ತದೆ. ಎರಡಂಚಿನ ಒಂದೇ ಬ್ಲೇಡ್ ಹಾಕುವ ಹಳೆಯ ಕಾಲದ ರೇಜರ್‌ಗೆ ನಾನು ಬಂದದ್ದು ಈ ಕಾರಣಕ್ಕೆ. ಆಮೇಲೆ ಅದರಲ್ಲೇ ಬೇರೆ ಬೇರೆ ರೇಜರ್‌ಗಳನ್ನು ಹೋಲಿಸಿ ನೋಡಿದೆ. ಅಳತೆಗೋಲು ಒಂದೇ: ಶಿಫ್ಟ್ ಮುಗಿಸಿ ಮಾಸ್ಕ್ ತೆಗೆದಾಗ ಚರ್ಮ ಹೇಗಿದೆ?

ಹೋಲಿಸುವಾಗ ಬ್ಲೇಡ್ ಮತ್ತು ಕ್ರೀಮ್ ಬದಲಿಸಲಿಲ್ಲ, ರೇಜರ್ ಮಾತ್ರ ಬದಲಿಸಿದೆ. ಎರಡಂಚಿನ ಬ್ಲೇಡ್ ಯಾವ ಕಂಪನಿಯದಾದರೂ ಇಂಥ ಎಲ್ಲ ರೇಜರ್‌ಗೂ ಕೂರುವುದರಿಂದ ಇದು ಸುಲಭ. ಕಿಂಗ್ ಕ್ಯಾಂಪ್ ಜಿಲೆಟ್ 1903ರಲ್ಲಿ ಅಮೆರಿಕದಲ್ಲಿ ಮಾರಾಟ ಶುರು ಮಾಡಿ, 1904ರಲ್ಲಿ ಪೇಟೆಂಟ್ ಪಡೆದ ಏರ್ಪಾಡು ಇವತ್ತಿಗೂ ಮೂಲದಲ್ಲಿ ಅದೇ: ತೆಳು ಬ್ಲೇಡನ್ನು ಮೇಲಿನ ಮುಚ್ಚಳ ಬಾಗಿಸಿ ಹಿಡಿಯುತ್ತದೆ, ಕೆಳಗಿನ ಪಟ್ಟಿ ಚರ್ಮವನ್ನು ಕಾಯುತ್ತದೆ. ನಾನು ಇಡೀ ಹೋಲಿಕೆಗೆ 7 ಓ ಕ್ಲಾಕ್ ಬ್ಲೇಡನ್ನೇ ಹಾಕಿದೆ. ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ.

ಒಂದು ರೇಜರ್ ಮೆದು, ಇನ್ನೊಂದು ಒರಟು ಎನ್ನುವುದಕ್ಕೆ ಕಾರಣ ಮೂರು. ಬ್ಲೇಡಿನ ಅಂಚಿಗೂ ಕೆಳಗಿನ ಪಟ್ಟಿಗೂ ನಡುವಿನ ಸಂದು ಮೊದಲನೆಯದು. ಅಂಚು ಎಷ್ಟು ಹೊರಗೆ ಚಾಚಿದೆ ಎನ್ನುವುದು ಎರಡನೆಯದು. ಮೂರನೆಯದನ್ನು ಬಹಳ ಜನ ಗಮನಿಸುವುದಿಲ್ಲ, ನನ್ನ ಮಟ್ಟಿಗೆ ಅದೇ ದೊಡ್ಡದು: ಮುಚ್ಚಳ ಬ್ಲೇಡನ್ನು ಅಂಚಿನ ಎಷ್ಟು ಹತ್ತಿರ ಒತ್ತಿ ಹಿಡಿದಿದೆ? ದೂರದಲ್ಲಿ ಹಿಡಿದಿದ್ದರೆ ಗಟ್ಟಿ ಕೂದಲಿಗೆ ತಾಗಿದಾಗ ಬ್ಲೇಡ್ ನಡುಗುತ್ತದೆ. ಆ ನಡುಕವೇ ಉರಿ ಎಬ್ಬಿಸುತ್ತದೆ. ಫಿಟ್ಟರ್ ಕೆಲಸದವನಿಗೆ ಇದು ಕೈಯಲ್ಲೇ ಗೊತ್ತಾಗುತ್ತದೆ. ಸಡಿಲ ಹಿಡಿತದ ಯಾವ ಉಳಿಯೂ ನೆಟ್ಟಗೆ ಕತ್ತರಿಸುವುದಿಲ್ಲ.

ಮೊದಲು ಅಪ್ಪನ ಜಿಲೆಟ್ ಟೆಕ್. 1930ರ ದಶಕದ ಕೊನೆಗೆ ಬಂದ ವಿನ್ಯಾಸ, ಮೂರು ಭಾಗ, ಹಿತ್ತಾಳೆಯ ಮೇಲೆ ಲೇಪ. ಸಂದು ಸಣ್ಣದು, ಬ್ಲೇಡ್ ಮುಖದ ಮೇಲೆ ಇದೆಯೋ ಇಲ್ಲವೋ ಎನ್ನುವಷ್ಟು ಮೆದು. ದಿನಾ ಮಾಡಿಕೊಳ್ಳುವವರಿಗೆ ಇದು ಅಪ್ಪಟ ಚಿನ್ನ. ಆದರೆ ರಜೆ ಮುಗಿಸಿ ಬಂದ ದಿನದ ಉದ್ದ ಗಡ್ಡಕ್ಕೆ ಸೋಪು-ಕೂದಲು ಸಂದಿನಲ್ಲಿ ತುಂಬಿ, ಎರಡು ಎಳೆತಕ್ಕೊಮ್ಮೆ ತೊಳೆಯಬೇಕಾಗುತ್ತದೆ.

ಜರ್ಮನಿಯ ಮರ್ಕುರ್ 34ಸಿ ಎರಡು ಭಾಗದ್ದು. ಹಿಡಿಯ ಬುಡ ತಿರುವಿದರೆ ಮೇಲಿನ ಮುಚ್ಚಳ ಏಳುತ್ತದೆ. ತೂಕ 77 ಗ್ರಾಂ ಆಸುಪಾಸು, ಹಿಡಿ ಗಿಡ್ಡ, ದಪ್ಪ. ತೂಕ ತಲೆಯ ಕಡೆಗೇ ಇರುವುದರಿಂದ ಕೈ ಒತ್ತುವ ಅಗತ್ಯ ಬೀಳುವುದಿಲ್ಲ, ಅದೇ ಇಳಿಯುತ್ತದೆ. ಮೂಗಿನ ಕೆಳಗೆ, ಗದ್ದದ ತಿರುವಿನಲ್ಲಿ ಗಿಡ್ಡ ಹಿಡಿ ಚೆನ್ನಾಗಿ ಆಡುತ್ತದೆ. ದೊಡ್ಡ ಅಂಗೈಯವರು ಕೊಳ್ಳುವ ಮೊದಲು ಒಮ್ಮೆ ಹಿಡಿದು ನೋಡಿದರೆ ಒಳ್ಳೆಯದು.

ಇಂಗ್ಲೆಂಡಿನ ಎಡ್ವಿನ್ ಜಾಗರ್ ಡಿಇ89, ಜರ್ಮನಿಯ ಮ್ಯೂಲೆ ಆರ್89, ಇವೆರಡರ ತಲೆ ಒಂದೇ ವಿನ್ಯಾಸ. ಹಿಡಿ ಬೇರೆ, ಅಷ್ಟೆ. ಎರಡಕ್ಕೂ ಹಣ ಹಾಕುವುದು ದಂಡ. ಈ ತಲೆ ಟೆಕ್‌ನಷ್ಟೇ ಮೆದುವಾಗಿದ್ದೂ ಅದಕ್ಕಿಂತ ಹೆಚ್ಚು ಗಡ್ಡ ತೆಗೆಯುತ್ತದೆ. ಬ್ಲೇಡಿನ ನಡುಕ ನನಗೆ ಎಲ್ಲಕ್ಕಿಂತ ಕಡಿಮೆ ಕಂಡದ್ದು ಇದರಲ್ಲೇ. ಮಾಸ್ಕ್ ಅಂಚಿನ ಕೆಳಗೆ ಉರಿ ಇಲ್ಲದೆ ಶಿಫ್ಟ್ ಮುಗಿಯುವುದೂ ಇದರಿಂದಲೇ. ಹಾಗಾಗಿ ಡ್ಯೂಟಿ ದಿನಕ್ಕೆ ನನ್ನದು ಇದೇ.

ಮ್ಯೂಲೆ ಆರ್41 ಹೆಸರಿನಲ್ಲಿ ಹತ್ತಿರ, ಸ್ವಭಾವದಲ್ಲಿ ಬಹಳ ದೂರ. ಕೆಳಗಿನ ಪಟ್ಟಿ ಬಾಚಣಿಗೆಯ ಹಾಗೆ ಹಲ್ಲುಹಲ್ಲು, ಅಂಚು ಚಾಚಿರುವುದೂ ಜಾಸ್ತಿ. ಮೂರು-ನಾಲ್ಕು ದಿನದ ಗಡ್ಡವನ್ನು ಒಂದೇ ಸುತ್ತಿಗೆ ಎತ್ತುತ್ತದೆ, ಸಂದಿಯಲ್ಲಿ ಏನೂ ಕಟ್ಟಿಕೊಳ್ಳುವುದಿಲ್ಲ. ಅದನ್ನು ಮಾಡಿರುವುದೇ ಆ ಕೆಲಸಕ್ಕೆ. ಕನ್ನಡಿಯಲ್ಲಿ ಎಲ್ಲಕ್ಕಿಂತ ನುಣುಪು ಕಾಣುವ ಮುಖ ಇದರದ್ದೇ, ಆದರೆ ಆ ನುಣುಪಿನ ಮೇಲೆ ರಬ್ಬರ್ ಮಾಸ್ಕ್ ಕೂರಿಸಿದರೆ ಮಧ್ಯಾಹ್ನಕ್ಕೇ ಚುರುಚುರು. ಮುಂದೆ ಎರಡು ದಿನ ರಜೆ ಇದ್ದರೆ ಮಾತ್ರ ನಾನು ಇದನ್ನು ಕೈಗೆ ತೆಗೆದುಕೊಳ್ಳುತ್ತೇನೆ.

ಬುಡ ತಿರುವಿದರೆ ಮೇಲೆ ಎರಡು ಬಾಗಿಲು ತೆರೆಯುವ ಬಟರ್‌ಫ್ಲೈ ನಮೂನೆಯದೂ ಒಂದಿತ್ತು. ಬ್ಲೇಡ್ ಬದಲಿಸುವುದು ಅದರಷ್ಟು ಸಲೀಸು ಬೇರೆ ಯಾವುದರಲ್ಲೂ ಇಲ್ಲ. ಆದರೆ ನನ್ನಲ್ಲಿದ್ದದ್ದರ ಎರಡು ಬಾಗಿಲು ಸಮ ಕೂರುತ್ತಿರಲಿಲ್ಲ, ಒಂದು ಬದಿ ಬ್ಲೇಡ್ ಹೆಚ್ಚು ಹೊರಗೆ. ಇಂಥದ್ದನ್ನು ಕೊಳ್ಳುವಾಗ ಬ್ಲೇಡ್ ಹಾಕಿ, ಬೆಳಕಿಗೆ ಹಿಡಿದು, ತಲೆಯನ್ನು ತುದಿಯಿಂದ ನೋಡಿ. ಎರಡೂ ಬದಿಯ ಸಂದು ಒಂದೇ ಇರಬೇಕು.

ಇಷ್ಟು ಹೇಳಿದ ಮೇಲೆ ನೀರಿನ ಮಾತು ಹೇಳಲೇಬೇಕು, ಯಾಕೆಂದರೆ ನಮ್ಮ ಕಡೆ ರೇಜರ್‌ನಷ್ಟೇ ನೀರೂ ದಾಡಿ ಕೆಡಿಸುತ್ತದೆ. ಅಲ್ಲೀಪುರ ಕೆರೆಯ ನಲ್ಲಿ ನೀರು ಬಂದ ದಿನ ನೊರೆ ಚೆನ್ನಾಗಿ ಏಳುತ್ತದೆ. ಬೋರ್ ನೀರಿನಲ್ಲಿ ಅದೇ ಸೋಪು ಬಟ್ಟಲಿನ ತಳಕ್ಕೆ ಬಿಳಿ ಕೆಸರಾಗಿ ಕೂರುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಗಸಿ ಆಗುವುದರಿಂದ ನೊರೆಗೆ ಸೋಪೇ ಉಳಿಯುವುದಿಲ್ಲ. ಶುದ್ಧ ನೀರಿನ ಘಟಕದಿಂದ ತರುವ ಕ್ಯಾನ್‌ನಿಂದ ಒಂದು ಲೋಟ ಬಗ್ಗಿಸಿಕೊಂಡು, ಬ್ರಷ್ ನೆನೆಸಲು, ನೊರೆ ಮಾಡಲು ಅದನ್ನೇ ಬಳಸುತ್ತೇನೆ. ತೊಳೆಯಲು ಬೋರ್ ನೀರು ಸಾಕು. ನೀರು ಕಾಯಿಸುವ ಗೋಜು ಬೇಸಿಗೆಯಲ್ಲಿ ಇಲ್ಲ, ಮಾಳಿಗೆ ಮೇಲಿನ ಸಿಂಟೆಕ್ಸ್ ನೀರೇ ಕಾದಿರುತ್ತದೆ. ಫ್ಯಾನ್ ಮಾತ್ರ ಬಂದ್ ಮಾಡಿ. ಇಲ್ಲಿನ ಒಣ ಗಾಳಿಗೆ ಒಂದು ಕೆನ್ನೆ ಮುಗಿಯುವುದರೊಳಗೆ ಇನ್ನೊಂದು ಕೆನ್ನೆಯ ನೊರೆ ಒಣಗುತ್ತದೆ, ಒಣಗಿದ ನೊರೆಯ ಮೇಲೆ ಯಾವ ರೇಜರೂ ಮೆದುವಲ್ಲ.

ಸಿರುಗುಪ್ಪದ ಅಕ್ಕನ ಮಗ ಕೆಲಸಕ್ಕೆ ಸೇರಿದಾಗ ಅವನಿಗೆ ಕಲಿಸಿದ್ದು ನಾನೇ. "ಮಾಮಾ, ಇನ್ನಾ ನುಣ್ಣಗ ಆಗಿಲ್ಲ, ಒತ್ತಿ ಎಳೀಲೇನು?" ಅಂದ. "ಒತ್ತಬ್ಯಾಡ. ರೇಜರ್ ಭಾರನ ಸಾಕು. ನೊರಿ ಇನ್ನೊಮ್ಮಿ ಹಚ್ಚು, ಈ ಸಲ ಅಡ್ಡ ಎಳಿ" ಅಂದೆ. ಬ್ಲೇಡ್ ಮುಖಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿ, ಗಿಡ್ಡ ಎಳೆತ. ಮೊದಲ ಸುತ್ತು ಕೂದಲು ಮಲಗಿದ ದಿಕ್ಕಿಗೆ, ಎರಡನೆಯದು ಅಡ್ಡಕ್ಕೆ. ಡ್ಯೂಟಿ ದಿನ ಎದುರು ದಿಕ್ಕಿನ ಸುತ್ತು ಬೇಡವೇ ಬೇಡ, ಮಾಸ್ಕ್‌ಗೆ ಅಷ್ಟು ನುಣುಪು ಬೇಕಿಲ್ಲ. ಕುತ್ತಿಗೆಯಲ್ಲಿ ಕೂದಲು ಒಂದೊಂದು ಕಡೆ ಒಂದೊಂದು ದಿಕ್ಕಿಗೆ ಇರುತ್ತದೆ, ಒಣ ಮುಖದ ಮೇಲೆ ಬೆರಳಾಡಿಸಿ ಮೊದಲೇ ತಿಳಿದುಕೊಳ್ಳಬೇಕು. ಕೊನೆಗೆ ಒದ್ದೆ ಮುಖಕ್ಕೆ ಪಟಿಕದ ಕಲ್ಲು ಉಜ್ಜಿ. ಎಲ್ಲಿ ಚುರ್ ಎಂದಿತೋ ಅಲ್ಲಿ ಕೈ ಒತ್ತಿದೆ ಎಂದರ್ಥ. ಅವನಿಗೆ ನಾನು ಕೊಡಿಸಿದ್ದು ಡಿಇ89.

ಈಗ ಸಿಗುವ ಬಹುಪಾಲು ರೇಜರ್‌ಗಳ ತಲೆ ಜಮಾಕ್ ಎಂಬ ಸತುವಿನ ಮಿಶ್ರಲೋಹದ್ದು, ಮೇಲೆ ಕ್ರೋಮ್ ಲೇಪ. ಗಡಸು ನೀರು ಅದರ ಮೇಲೇ ಒಣಗಿದರೆ ಬಿಳಿ ಉಪ್ಪು ಕಟ್ಟುತ್ತದೆ. ಹಿತ್ತಾಳೆ ಪಾತ್ರೆಗೆ ಹಾಕುವಂತೆ ಹುಣಸೆಹಣ್ಣು ಹಾಕಬೇಡಿ. ಲೇಪ ಎಲ್ಲಾದರೂ ಎದ್ದಿದ್ದರೆ ಹುಳಿ ಒಳಗಿನ ಸತುವನ್ನು ತಿನ್ನುತ್ತದೆ. ಹಳೆ ಹಲ್ಲುಜ್ಜುವ ಬ್ರಷ್, ಸ್ವಲ್ಪ ಪಾತ್ರೆ ಸೋಪು ಸಾಕು. ಬಳಸಿದ ಮೇಲೆ ಬಟ್ಟೆಯಲ್ಲಿ ಒರೆಸಿಡಿ. ಬಚ್ಚಲ ಕಲ್ಲಿನ ಮೇಲೆ ಬೀಳಿಸಿದರೆ ಜಮಾಕ್ ತಲೆಯ ತಿರುಪು ಮುರಿಯಬಹುದು, ಹಿತ್ತಾಳೆಯಾದರೆ ಬದುಕಿಕೊಳ್ಳುತ್ತದೆ.

ನಾಲ್ಕೈದು ದಾಡಿಗೆ ಬ್ಲೇಡ್ ಬದಲಿಸುತ್ತೇನೆ. ಹಳೆಯದನ್ನು ಹಾಗೇ ಕಸಕ್ಕೆ ಎಸೆದರೆ ಕೊಯ್ಯುವುದು ಪೌರಕಾರ್ಮಿಕರ ಕೈ. ಖಾಲಿ ತಗಡಿನ ಡಬ್ಬಿಯ ಮುಚ್ಚಳಕ್ಕೆ ಹ್ಯಾಕ್ಸಾದಲ್ಲಿ ಒಂದು ಸೀಳು ಕೊಯ್ದು ಬಚ್ಚಲ ಗೂಡಿನಲ್ಲಿ ಇಟ್ಟಿದ್ದೇನೆ. ತುಂಬಿದ ಮೇಲೆ ಸೀಳಿಗೆ ಟೇಪ್ ಸುತ್ತಿ, ದಪ್ಪ ಅಕ್ಷರದಲ್ಲಿ ಬ್ಲೇಡ್ ಎಂದು ಬರೆದು, ಬೆಳಿಗ್ಗೆ ಬರುವ ಕಸದ ಗಾಡಿಯವರಿಗೆ ಹೇಳಿ ಕೈಗೇ ಕೊಡುತ್ತೇನೆ.