ಬೀಜ ವಿನಿಮಯಕ್ಕೆ ಮೊದಲು ಹತ್ತು ಬೀಜ ಮೊಳಕೆ ಕಟ್ಟಿ ನೋಡಿ

ಗಾರ್ಡನ್ ಕ್ಲಬ್ಬಿನ ಬೀಜ ವಿನಿಮಯಕ್ಕೆ ಮೂರು ವಾರ ಮೊದಲೇ, ಹಂಚಬೇಕೆಂದಿರುವ ಪ್ರತಿ ತಳಿಯಿಂದ 10 ಬೀಜ ತೆಗೆದು ಒದ್ದೆ ಟಿಶ್ಯೂ ಕಾಗದದಲ್ಲಿ ಮೊಳಕೆಗೆ ಇಡಿ. ಎಷ್ಟು ಮೊಳೆತವು ಅನ್ನುವುದನ್ನು ಬೀಜ ತೆಗೆದ ವರ್ಷದ ಜೊತೆ ಪೊಟ್ಟಣದ ಮೇಲೆಯೇ ಬರೆದುಬಿಡಿ. ನೋಡಲು ಗಟ್ಟಿಯಾಗಿರುವ ಬೀಜದ ಒಳಗೂ ಜೀವ ಹೋಗಿರಬಹುದು, ಹೊರಗಿನಿಂದ ಗೊತ್ತಾಗುವುದಿಲ್ಲ. ಟೊಮೇಟೊ ಬೀಜ ಒಣಗಿದ, ತಂಪಾದ ಜಾಗದಲ್ಲಿದ್ದರೆ ನಾಲ್ಕು ವರ್ಷವಾದರೂ ಮೊಳೆಯುತ್ತದೆ. ಈರುಳ್ಳಿಯದ್ದು ಒಂದೆರಡು ವರ್ಷಕ್ಕೇ ಸೊರಗುತ್ತದೆ. ಕಾಗದವನ್ನು ನೆನೆಸಿ ಚೆನ್ನಾಗಿ ಹಿಂಡಿ, ನೀರು ತೊಟ್ಟಿಕ್ಕಬಾರದು. ಎಲ್ಲರೂ ಎಡವುವುದು ಇಲ್ಲೇ: ನೀರು ಹೆಚ್ಚಾದರೆ ಗಾಳಿಯಿಲ್ಲದೆ ಒಳ್ಳೆಯ ಬೀಜವೂ ಕೊಳೆಯುತ್ತದೆ. ಬೀಜಗಳು ಒಂದಕ್ಕೊಂದು ತಾಗದಂತೆ ಹರಡಿ, ಸುರುಳಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಸ್ವಲ್ಪ ತೆರೆದಿಡಿ. ಬಿಸಿಲು ಬೀಳದ, 25ರಿಂದ 30 ಡಿಗ್ರಿಯ ಬೆಚ್ಚಗಿನ ಜಾಗ ಸಾಕು. ದಿನಕ್ಕೊಮ್ಮೆ ಬಿಚ್ಚಿ ನೋಡಿ, ಬೂಷ್ಟು ಹಿಡಿದದ್ದನ್ನು ತೆಗೆದುಹಾಕಿ. ಬೀನ್ಸ್‌ಗೆ ಒಂದು ವಾರ, ಟೊಮೇಟೊಗೆ ಹತ್ತು ದಿನ, ಮೆಣಸಿನಕಾಯಿಗೆ ಕನಿಷ್ಠ ಎರಡು ವಾರ ಕೊಡಿ; ಅದಕ್ಕೆ ಮೊದಲೇ ಎಸೆಯಬೇಡಿ. 8 ಅಥವಾ ಹೆಚ್ಚು ಮೊಳೆತರೆ ಧೈರ್ಯವಾಗಿ ಹಂಚಬಹುದು. 5ರಿಂದ 7 ಆದರೆ ‘ಗುಣಿಗೆ ಎರಡು ಬೀಜ ಹಾಕಿ’ ಎಂದು ಬರೆದು ಕೊಡಿ. ಅದಕ್ಕೂ ಕಡಿಮೆಯಾದರೆ ಮೇಜಿನ ಮೇಲೆ ಇಡದಿರುವುದೇ ಒಳ್ಳೆಯದು, ಹೊಸದಾಗಿ ಕೈತೋಟ ಶುರುಮಾಡಿದವರು ಮೊಳೆಯದ ಬೀಜಕ್ಕೆ ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಈ ಪರೀಕ್ಷೆ ಎಲ್ಲದಕ್ಕೂ ನಡೆಯದು. ಶಂಖಪುಷ್ಪದಂಥ ಗಟ್ಟಿ ಸಿಪ್ಪೆಯ ಬೀಜವನ್ನು ಮೊದಲು ಉಪ್ಪುಕಾಗದಕ್ಕೆ ಲಘುವಾಗಿ ಉಜ್ಜಿ ರಾತ್ರಿಯಿಡೀ ನೆನೆಸದಿದ್ದರೆ ಜೀವಂತವಿದ್ದೂ ಸುಮ್ಮನೆ ಕೂರುತ್ತದೆ. ಲೆಟ್ಯೂಸ್‌ಗೆ ಬೆಳಕೂ ತಂಪೂ ಬೇಕು, ಅದನ್ನು ಸುತ್ತದೆ 20 ಡಿಗ್ರಿ ಆಸುಪಾಸಿನಲ್ಲಿ ಕಾಗದದ ಮೇಲೆಯೇ ಬಿಡಿ.